ಕಾರ್ಬನ್ ಪ್ಯಾಡಲ್‌ಗಿಂತ ಮೊದಲು ನಾಲ್ಕು ಜನ ಬೇಕು

ಪಿಕಲ್‌ಬಾಲ್ ಎಂದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನವರ ಆಟ ಎಂದು ದೂರ ನಿಂತು ನೋಡುವ ಕಾಲ ಮುಗಿಯುತ್ತಿದೆ. ಮೊಬೈಲ್ ತೆರೆದರೆ ಸಾಕು, ಕಪ್ಪು ಬಣ್ಣದ ಕಾರ್ಬನ್ ಫೈಬರ್ ಪ್ಯಾಡಲ್ ಹಿಡಿದವರ ರೀಲ್ಸ್ ಒಂದರ ಹಿಂದೊಂದು ಬರುತ್ತವೆ. ಚನ್ನಗಿರಿಯ ಹಾಸ್ಟೆಲ್‌ನಲ್ಲಿ ಕುಳಿತ ಪದವಿ ವಿದ್ಯಾರ್ಥಿಗೂ, ಜಗಳೂರಿನ ಗ್ರಂಥಾಲಯದಲ್ಲಿ ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವವರಿಗೂ ಕಾಣುವುದು ಅದೇ ಪ್ಯಾಡಲ್. ಬೆಲೆ ನೋಡಿದಾಗ ಮಾತ್ರ ಇಬ್ಬರೂ ಮೊಬೈಲ್ ಕೆಳಗಿಡುತ್ತಾರೆ. ಹೆಸರಾಂತ ವಿದೇಶಿ ಕಂಪನಿಯದಾದರೆ 15 ಸಾವಿರ, 20 ಸಾವಿರ ರೂಪಾಯಿ!

ಈ ಬೆಲೆ ನಮ್ಮನ್ನು ಎರಡು ದಾರಿಗೆ ಎಳೆಯುತ್ತದೆ. ‘ಇದು ನಮ್ಮಂಥವರ ಆಟವಲ್ಲ’ ಎಂದು ಕೈಬಿಡುವುದು ಒಂದು. ‘ಆ ಪ್ಯಾಡಲ್ ಒಂದು ಕೈಗೆ ಬಂದರೆ ಆಟವೂ ಬಂದಂತೆ’ ಎಂದು ಮನೆಯಲ್ಲಿ ಹಟ ಹಿಡಿದು, ಕಂತಿನ ಮೇಲಾದರೂ ಕೊಳ್ಳುವುದು ಇನ್ನೊಂದು. ಹೊನ್ನಾಳಿ, ನ್ಯಾಮತಿಯ ಎಷ್ಟೋ ಮನೆಗಳಲ್ಲಿ 15 ಸಾವಿರ ಎಂದರೆ ಮೆಕ್ಕೆಜೋಳ ಮಾರಿ ಬಂದ ಹಣದಲ್ಲಿ ಬೀಜ, ಗೊಬ್ಬರದ ಬಾಕಿ ತೀರಿಸಿ ಉಳಿದದ್ದು. ಓದು ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಮಗನೋ ಮಗಳೋ ಅದನ್ನು ಕೇಳುವಾಗ ಎರಡು ಸಲ ಯೋಚಿಸಬೇಕು. ಹಾಗೆಂದು ಆಟವನ್ನೇ ಬಿಟ್ಟುಕೊಡಬೇಕಾಗಿಲ್ಲ. ಪ್ಯಾಡಲ್‌ನ ಒಳಗೆ ಏನಿದೆ ಎಂದು ತಿಳಿದವರು ಕಡಿಮೆ ದುಡ್ಡಿನಲ್ಲಿ ಒಳ್ಳೆಯದನ್ನು ಆರಿಸಬಲ್ಲರು. ಉಳಿದ ದುಡ್ಡನ್ನು ಆಟಕ್ಕೆ ನಿಜವಾಗಿ ಬೇಕಾದ ಅಂಕಣ, ಚೆಂಡು ಮತ್ತು ಜೊತೆಗಾರರ ಮೇಲೆ ಹಾಕಬಲ್ಲರು.

ಮೊದಲು ಈ ಆಟ ಹುಟ್ಟಿದ್ದು ಹೇಗೆ ಎಂದು ನೋಡೋಣ. 1965ರ ಬೇಸಿಗೆಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಜ್ ದ್ವೀಪದಲ್ಲಿ ಜೋಯಲ್ ಪ್ರಿಚರ್ಡ್ ಮತ್ತು ಬಿಲ್ ಬೆಲ್ ತಮ್ಮ ಮನೆಯವರ ಬೇಸರ ಕಳೆಯಲು ಒಂದು ಆಟ ಹೂಡಿದರು. ಬ್ಯಾಡ್ಮಿಂಟನ್ ಅಂಕಣವಿತ್ತು, ಆದರೆ ಆಟದ ಸಾಮಾನು ಪೂರ್ತಿ ಇರಲಿಲ್ಲ. ಟೇಬಲ್ ಟೆನಿಸ್ ಬ್ಯಾಟ್ ಮತ್ತು ತೂತುಗಳಿರುವ ಪ್ಲಾಸ್ಟಿಕ್ ಚೆಂಡು ಹಿಡಿದರು, ನೆಟ್ ಕೆಳಗಿಳಿಸಿದರು. ಗೆಳೆಯ ಬಾರ್ನಿ ಮೆಕಲಮ್ ಪ್ಲೈವುಡ್ ಕೊಯ್ದು ಬ್ಯಾಟ್ ಮಾಡಿಕೊಟ್ಟರು. ಹೆಸರಿಗೂ ನಮ್ಮ ಉಪ್ಪಿನಕಾಯಿಗೂ ಸಂಬಂಧವಿಲ್ಲ. ದೋಣಿ ಸ್ಪರ್ಧೆಯಲ್ಲಿ ಬೇರೆ ಬೇರೆ ದೋಣಿಗಳಿಂದ ಉಳಿದ ಹುಟ್ಟುಗಾರರನ್ನು ಕೂಡಿಸಿ ಕಟ್ಟಿದ ದೋಣಿಗೆ ಅಲ್ಲಿ ‘ಪಿಕಲ್ ಬೋಟ್’ ಎನ್ನುತ್ತಾರೆ. ಅದನ್ನು ನೆನೆದು ಜೋನ್ ಪ್ರಿಚರ್ಡ್ ಈ ಹೆಸರಿಟ್ಟರು ಎಂದು ಅವರ ಕುಟುಂಬದವರು ಹೇಳುತ್ತಾರೆ. ಅಂದರೆ ಇದು ಹುಟ್ಟಿನಿಂದಲೇ ಅಳಿದುಳಿದದ್ದನ್ನು ಕೂಡಿಸಿಕೊಂಡು ಆಡಿದ ಆಟ.

ಕಟ್ಟಿಗೆಯ ಬ್ಯಾಟಿನಿಂದ ಇಂದಿನ ಪ್ಯಾಡಲ್‌ಗೆ ಬಂದ ದಾರಿಯೂ ಹಾಗೆಯೇ. 1984ರಲ್ಲಿ ಬೋಯಿಂಗ್ ಕಂಪನಿಯ ಎಂಜಿನಿಯರ್ ಆರ್ಲೆನ್ ಪರಾಂಟೊ ವಿಮಾನದ ನೆಲಹಾಸಿಗೆ ಬಳಸುವ ಹಲಗೆಯಿಂದ ಪ್ಯಾಡಲ್ ಮಾಡಿದರು. ಎರಡು ತೆಳು ಹಾಳೆ, ನಡುವೆ ಜೇನುಗೂಡಿನಂತಹ ಟೊಳ್ಳು ಕೋಣೆಗಳು. ತೂಕ ಕಡಿಮೆ, ಗಟ್ಟಿತನ ಹೆಚ್ಚು. ಇಂದು 20 ಸಾವಿರ ಕೇಳುವ ಪ್ಯಾಡಲ್‌ಗಳಲ್ಲಿ ಬಹುಪಾಲು ಇದೇ ರಚನೆಯವು.

ಕಾರ್ಬನ್ ಪ್ಯಾಡಲ್‌ನಲ್ಲಿ ಕಾರ್ಬನ್ ಇರುವುದು ಮುಖ್ಯವಾಗಿ ಮುಖದ ಹಾಳೆಯಲ್ಲಿ. ನಡುವಿನ ಜೇನುಗೂಡು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಅಂದರೆ ಸಿಮೆಂಟ್ ಚೀಲ ನೇಯುವ ಅದೇ ಜಾತಿಯ ಪ್ಲಾಸ್ಟಿಕ್. ಕಾರ್ಬನ್ ನಾರು ಬಿರುಸಾಗಿರುವುದರಿಂದ ಚೆಂಡು ಬಡಿದ ಪೆಟ್ಟು ಹಾಳೆಯ ಉದ್ದಗಲಕ್ಕೆ ಹರಡುತ್ತದೆ. ಚೆಂಡು ಸರಿಯಾಗಿ ಮಧ್ಯಕ್ಕೆ ಬೀಳದಿದ್ದರೂ ಹೊಡೆತ ತೀರಾ ಹಾಳಾಗುವುದಿಲ್ಲ. ಮೇಲೆ ಬಣ್ಣ ಬಳಿಯದೆ ಬಿಟ್ಟ ‘ರಾ ಕಾರ್ಬನ್’ ಮುಖ ಮರಳು ಕಾಗದದಂತೆ ತುಸು ಒರಟಾಗಿದ್ದು ಚೆಂಡನ್ನು ಹಿಡಿದು ತಿರುಗಿಸುತ್ತದೆ. ಅದಕ್ಕೇ ಸ್ಪಿನ್ ಆಡುವವರು ಅದನ್ನು ಬಯಸುವುದು. ಫೈಬರ್‌ಗ್ಲಾಸ್ ಮುಖ ಸ್ವಲ್ಪ ಬಾಗಿ ಚಿಮ್ಮುತ್ತದೆ, ಚೆಂಡು ವೇಗವಾಗಿ ಹೋಗುತ್ತದೆ, ಆದರೆ ಹತೋಟಿಗೆ ಅಭ್ಯಾಸ ಹೆಚ್ಚು ಬೇಕು. ಬರೀ ಕಟ್ಟಿಗೆಯದು ಅಗ್ಗ, ಗಟ್ಟಿ, ಆದರೆ ಭಾರ. ಗಂಟೆಗಟ್ಟಲೆ ಆಡಿದರೆ ಮಣಿಕಟ್ಟು ನೋಯುತ್ತದೆ.

ಇನ್ನು ಪೆಟ್ಟಿಗೆಯ ಮೇಲಿನ ಅಕ್ಷರಗಳು. ‘ಟಿ700’ ಎಂಬುದು ಜಪಾನಿನ ಟೋರೇ ಕಂಪನಿಯ ಕಾರ್ಬನ್ ನಾರಿನ ಒಂದು ದರ್ಜೆಯ ಹೆಸರು. ‘3ಕೆ’, ‘12ಕೆ’, ‘18ಕೆ’ ಎಂದರೆ ಒಂದು ಎಳೆಯಲ್ಲಿ ಎಷ್ಟು ಸಾವಿರ ನಾರುಗಳಿವೆ ಎಂಬ ಲೆಕ್ಕ. 18 ದೊಡ್ಡ ಸಂಖ್ಯೆ, ಆದ್ದರಿಂದ 3ಕ್ಕಿಂತ ಆರು ಪಟ್ಟು ಒಳ್ಳೆಯದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೇಯ್ಗೆಯ ಚೌಕಗಳು ದೊಡ್ಡದಾಗಿ ಕಾಣುತ್ತವೆ, ಅಷ್ಟೆ. ಎರಡು ಸಾವಿರ ರೂಪಾಯಿಯ ಪ್ಯಾಡಲ್ ಮೇಲೂ ಈ ಅಕ್ಷರ ಅಚ್ಚು ಹಾಕಬಹುದು. ಕಾರ್ಬನ್‌ನ ನೇಯ್ಗೆಯ ಚಿತ್ರವನ್ನಷ್ಟೇ ಅಂಟಿಸಿ ಮಾರುವವರೂ ಇಲ್ಲದಿಲ್ಲ. ಹಾಗಾಗಿ ಅಕ್ಷರಕ್ಕಿಂತ ಅಳತೆಗಳ ಮೇಲೆ ಕಣ್ಣಿಡುವುದು ಮೇಲು.

ಮೊದಲನೆಯದು ತೂಕ. ಹೆಚ್ಚಿನ ಪ್ಯಾಡಲ್‌ಗಳು 210ರಿಂದ 240 ಗ್ರಾಂ ಒಳಗಿರುತ್ತವೆ. ಬ್ಯಾಡ್ಮಿಂಟನ್ ರ‍್ಯಾಕೆಟ್ ನೂರು ಗ್ರಾಂ ಕೂಡ ತೂಗುವುದಿಲ್ಲ. ಅಲ್ಲಿಂದ ಬಂದವರಿಗೆ ಇದು ಭಾರ ಎನಿಸುವುದು ಸಹಜ. ಹಗುರವಾದದ್ದು ನೆಟ್ ಹತ್ತಿರ ಬೇಗ ತಿರುಗುತ್ತದೆ, ಆದರೆ ಹೊಡೆತಕ್ಕೆ ತೋಳಿನ ಶಕ್ತಿ ಹೆಚ್ಚು ಬೇಕು. ಭಾರದ್ದು ತಾನೇ ಚೆಂಡನ್ನು ತಳ್ಳುತ್ತದೆ, ಆದರೆ ಮೊಣಕೈಗೆ ಹೊರೆ. ಹೊಸಬರಿಗೆ 220ರಿಂದ 230 ಗ್ರಾಂ ಆಸುಪಾಸಿನದು ಸಾಕು.

ಎರಡನೆಯದು ದಪ್ಪ. 13 ಅಥವಾ 14 ಮಿ.ಮೀ. ದಪ್ಪದ್ದು ಚುರುಕು, 16 ಮಿ.ಮೀ.ಯದು ಮೆದು. ಕಲಿಯುವವರು 16 ತೆಗೆದುಕೊಂಡರೆ ಚೆಂಡು ಹೇಳಿದ ಮಾತು ಕೇಳುತ್ತದೆ. ಮೂರನೆಯದು ಆಕಾರ. ಅಂಚು ಸೇರಿ ಉದ್ದ ಮತ್ತು ಅಗಲ ಕೂಡಿಸಿದರೆ 24 ಇಂಚು ಮೀರಬಾರದು, ಉದ್ದ 17 ಇಂಚು ದಾಟಬಾರದು ಎಂಬುದು ನಿಯಮ. ಆದ್ದರಿಂದ ಉದ್ದ ಹೆಚ್ಚಾದರೆ ಅಗಲ ಕಡಿಮೆಯಾಗಲೇಬೇಕು. 16 ಇಂಚು ಉದ್ದ, 8 ಇಂಚು ಅಗಲದ ಸಾದಾ ಆಕಾರ ಹೊಸಬರ ತಪ್ಪುಗಳನ್ನು ಹೆಚ್ಚು ಕ್ಷಮಿಸುತ್ತದೆ. ಹದಿನಾರೂವರೆ ಇಂಚಿನ ನೀಳ ಪ್ಯಾಡಲ್ ಕೈಗೆ ದೂರದ ಚೆಂಡು ಎಟುಕಿಸುತ್ತದೆ, ಆದರೆ ಕಲಿತ ಕೈ ಬೇಕು.

ನಾಲ್ಕನೆಯದು ಹಿಡಿ. ಅಂಗೈಯ ನಡುಗೆರೆಯಿಂದ ಉಂಗುರ ಬೆರಳಿನ ತುದಿಯವರೆಗೆ ಅಳೆಯಿರಿ. ಸುಮಾರು ಅಷ್ಟೇ ಸುತ್ತಳತೆಯ ಹಿಡಿ ನಿಮ್ಮದು. ಮಾರುಕಟ್ಟೆಯಲ್ಲಿ ಸಿಗುವುದು ಹೆಚ್ಚಾಗಿ 4ರಿಂದ ನಾಲ್ಕೂವರೆ ಇಂಚಿನವು. ಅನುಮಾನವಿದ್ದರೆ ಸಣ್ಣದನ್ನೇ ತೆಗೆದುಕೊಳ್ಳಿ. ಸಣ್ಣ ಹಿಡಿಗೆ ಗ್ರಿಪ್ ಟೇಪ್ ಸುತ್ತಿ ದಪ್ಪ ಮಾಡಬಹುದು, ದಪ್ಪ ಹಿಡಿಯನ್ನು ಸಣ್ಣದು ಮಾಡಲಾಗದು. ಅಳತೆ ತಪ್ಪಿದ ಹಿಡಿಯನ್ನು ಬಿಗಿಯಾಗಿ ಹಿಡಿದು ಹಿಡಿದು ಮೊಣಕೈ ನೋವು ತಂದುಕೊಳ್ಳುವವರು ಬಹಳ.

ಕೊಳ್ಳುವ ಮುನ್ನ, ಅಥವಾ ಪಾರ್ಸೆಲ್ ಬಿಚ್ಚಿದ ಕೂಡಲೆ, ಇನ್ನೊಂದು ಪರೀಕ್ಷೆ ಮಾಡಿ. ಪ್ಯಾಡಲ್‌ನ ಮುಖದ ಮೇಲೆ ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ, ಚೆಂಡನ್ನು ಪುಟಿಸಿ ನೋಡಿ. ತೆಂಗಿನಕಾಯಿ ಕೊಳ್ಳುವಾಗ ಕಿವಿ ಹೇಗೆ ಕೆಲಸ ಮಾಡುತ್ತದೋ ಹಾಗೆಯೇ ಇಲ್ಲೂ ಮಾಡಬೇಕು. ಒಂದು ಕಡೆ ಮಾತ್ರ ಶಬ್ದ ಸತ್ತಂತೆ ಬಂದರೆ, ಅಥವಾ ಒಳಗೆ ಗಿಲಕಿಯ ಸದ್ದು ಬಂದರೆ, ಹಾಳೆಗೂ ಜೇನುಗೂಡಿಗೂ ಅಂಟು ಬಿಟ್ಟಿರಬಹುದು. ತಕ್ಷಣ ಹಿಂದಿರುಗಿಸಿ. ಬಳಸುವಾಗಲೂ ಇದೇ ಎಚ್ಚರ ಬೇಕು. ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಡಿಕ್ಕಿಯೊಳಗೆ ಇಟ್ಟು ಮರೆತರೆ ಕಾವಿಗೆ ಅಂಟು ಸಡಿಲವಾಗುತ್ತದೆ. ರಾ ಕಾರ್ಬನ್‌ನ ಒರಟುತನವೂ ಆಡುತ್ತಾ ಹೋದಂತೆ ಸವೆಯುತ್ತದೆ. ದುಬಾರಿ ಪ್ಯಾಡಲ್‌ನ ಒರಟೂ ಸವೆಯುವುದೇ. 20 ಸಾವಿರದ ಪ್ಯಾಡಲ್ ಆಜೀವ ಆಸ್ತಿಯಲ್ಲ ಎಂಬುದನ್ನು ಮಾರುವವರು ಹೇಳುವುದಿಲ್ಲ, ನಾವೇ ತಿಳಿದಿರಬೇಕು.

ಇಷ್ಟೆಲ್ಲ ನೋಡಿ ತೆಗೆದರೂ ಆಟ ಕಲಿಸುವುದು ಪ್ಯಾಡಲ್ ಅಲ್ಲ. ಪಿಕಲ್‌ಬಾಲ್‌ನ ಗುಟ್ಟೇ ಹೊಡೆಯದಿರುವುದರಲ್ಲಿ ಇದೆ. ಸರ್ವಿಸ್ ಸೊಂಟದ ಕೆಳಗಿನಿಂದ, ಓರೆಯಾಗಿ ಎದುರು ಮೂಲೆಗೆ. ಸರ್ವಿಸ್ ಒಮ್ಮೆ ಪುಟಿಯಬೇಕು, ಅದಕ್ಕೆ ಬಂದ ಮರುಹೊಡೆತವೂ ಒಮ್ಮೆ ಪುಟಿಯಬೇಕು. ಆಮೇಲಷ್ಟೇ ಚೆಂಡನ್ನು ಗಾಳಿಯಲ್ಲಿ ಹೊಡೆಯಬಹುದು. ನೆಟ್‌ನ ಎರಡೂ ಬದಿ 7 ಅಡಿಯ ಜಾಗಕ್ಕೆ ‘ಕಿಚನ್’ ಎನ್ನುತ್ತಾರೆ. ಅದರೊಳಗೆ ನಿಂತು ಪುಟಿಯದ ಚೆಂಡನ್ನು ಹೊಡೆಯುವಂತಿಲ್ಲ. ಸರ್ವಿಸ್ ಮಾಡಿದವರಿಗಷ್ಟೇ ಅಂಕ, 11 ಅಂಕಕ್ಕೆ ಆಟ, ಗೆಲ್ಲಲು ಎರಡರ ಅಂತರ. ಈ ನಿಯಮಗಳ ಫಲವಾಗಿ ಎತ್ತರದವರ, ಬಲಿಷ್ಠರ ಸ್ಮ್ಯಾಶ್‌ಗೆ ಅರ್ಧ ಬೆಲೆ. ನೆಟ್ ದಾಟಿಸಿ ಎದುರಾಳಿಯ ಕಾಲ ಬುಡದಲ್ಲಿ ಮೆಲ್ಲಗೆ ಚೆಂಡು ಬೀಳಿಸುವ ‘ಡಿಂಕ್’ ಬಲ್ಲವರೇ ಗೆಲ್ಲುತ್ತಾರೆ. ಆ ಮೆದುತನ ಕೈಗೆ ಬರುವುದು ದಿನಕ್ಕೆ ಅರ್ಧ ಗಂಟೆ, ಇಬ್ಬರು ಎದುರುಬದುರು ನಿಂತು ಡಿಂಕ್ ಆಡುತ್ತ ಹೋದಾಗ. ಅದಕ್ಕೆ ಎರಡೂವರೆ ಸಾವಿರದ ಪ್ಯಾಡಲ್ ಧಾರಾಳವಾಯಿತು. ಆ ಹಂತ ದಾಟಿ ‘ಇನ್ನೂ ಸ್ಪಿನ್ ಬೇಕು’ ಎಂದು ಕೈಯೇ ಕೇಳತೊಡಗಿದಾಗ ದುಬಾರಿಯದರ ಯೋಚನೆ ಮಾಡಿದರಾಯಿತು.

ಹಾಗಾದರೆ ಆಡುವುದೆಲ್ಲಿ? ಇದೇ ನಮ್ಮ ನಾಲ್ಕೂ ತಾಲ್ಲೂಕುಗಳ ನಿಜವಾದ ಪ್ರಶ್ನೆ. ಆದರೆ ಉತ್ತರ ನಾವು ಅಂದುಕೊಂಡಷ್ಟು ದೂರದಲ್ಲಿಲ್ಲ. ಪಿಕಲ್‌ಬಾಲ್ ಅಂಕಣ 44 ಅಡಿ ಉದ್ದ, 20 ಅಡಿ ಅಗಲ. ಬ್ಯಾಡ್ಮಿಂಟನ್ ಡಬಲ್ಸ್ ಅಂಕಣದ ಅಳತೆಯೂ ಅದೇ. ಬ್ಯಾಡ್ಮಿಂಟನ್‌ನ ಮುಂಭಾಗದ ಸರ್ವಿಸ್ ಗೆರೆ ನೆಟ್‌ನಿಂದ ಆರೂವರೆ ಅಡಿಗೆ ಇರುತ್ತದೆ, ಕಿಚನ್ ಗೆರೆ 7 ಅಡಿಗೆ. ಅಂದರೆ ಎರಡೂ ಬದಿ ಅರ್ಧ ಅಡಿ ಹಿಂದೆ ಒಂದೊಂದು ಬಣ್ಣದ ಟೇಪ್ ಹಚ್ಚಿ, ನೆಟ್ಟನ್ನು ಬದಿಗಳಲ್ಲಿ 36 ಇಂಚು, ಮಧ್ಯದಲ್ಲಿ 34 ಇಂಚಿಗೆ ಇಳಿಸಿದರೆ ಅಂಕಣ ಸಿದ್ಧ. ಗಟ್ಟಿ ನೆಲದ ಬ್ಯಾಡ್ಮಿಂಟನ್ ಅಂಕಣವಿರುವ ಪ್ರತಿ ಕಾಲೇಜಿನಲ್ಲೂ ಈಗಾಗಲೇ ಪಿಕಲ್‌ಬಾಲ್ ಅಂಕಣವಿದೆ, ಗೆರೆ ಎಳೆದಿಲ್ಲ ಅಷ್ಟೆ.

ಬ್ಯಾಡ್ಮಿಂಟನ್ ಅಂಕಣ ಇಲ್ಲದ ಕಡೆ? ಪ್ಲಾಸ್ಟಿಕ್ ಚೆಂಡು ಮಣ್ಣಿನ ನೆಲದಲ್ಲಿ ಸರಿಯಾಗಿ ಪುಟಿಯುವುದಿಲ್ಲ, ಗಟ್ಟಿ ನೆಲ ಬೇಕೇ ಬೇಕು. ಚನ್ನಗಿರಿ, ಹೊನ್ನಾಳಿ ಕಡೆ ಅಡಿಕೆ, ಮೆಕ್ಕೆಜೋಳ ಒಣಗಿಸಲು ಹಾಕಿಸಿದ ಕಾಂಕ್ರೀಟ್ ಕಣಗಳು ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ಖಾಲಿ ಬಿದ್ದಿರುತ್ತವೆ. ಸುತ್ತ ಓಡಾಡುವ ಜಾಗ ಸೇರಿ 60 ಅಡಿ ಉದ್ದ, 30 ಅಡಿ ಅಗಲ ಸಿಕ್ಕರೆ ಸಾಕು. ಹೆಚ್ಚುಕಡಿಮೆ ಒಂದು ವಾಲಿಬಾಲ್ ಅಂಕಣದಷ್ಟೇ ಜಾಗ. ನ್ಯಾಮತಿಯಂತಹ ಹೊಸ ತಾಲ್ಲೂಕು ಕೇಂದ್ರದಲ್ಲಿ ಸರ್ಕಾರಿ ಕಟ್ಟಡ, ಮೈದಾನಗಳ ಯೋಜನೆ ರೂಪಿಸುವಾಗಲೇ ಇಷ್ಟು ಗಟ್ಟಿ ನೆಲ ಕೇಳಿಕೊಳ್ಳುವುದು ಸುಲಭ. ಜಗಳೂರಿನ ಬಯಲಿನಲ್ಲಿ ಗಾಳಿಯೇ ದೊಡ್ಡ ಎದುರಾಳಿ. ಅಲ್ಲಿ ಬೆಳಗಿನ ಹೊತ್ತು, ಗಾಳಿ ಏಳುವ ಮುನ್ನ ಆಡಬೇಕು. 26 ತೂತಿನ ಒಳಾಂಗಣ ಚೆಂಡಿಗಿಂತ 40 ಸಣ್ಣ ತೂತುಗಳಿರುವ ಹೊರಾಂಗಣ ಚೆಂಡು ಬಳಸಬೇಕು.

ಈಗ ಲೆಕ್ಕ ಹಾಕಿ. ಒಬ್ಬನೇ 15 ಸಾವಿರ ಕೊಟ್ಟು ತಂದ ಪ್ಯಾಡಲ್ ಗೋಡೆಗೆ ಚೆಂಡು ಹೊಡೆಯಲು ಬಂದೀತು. ಅದೇ 15 ಸಾವಿರದಲ್ಲಿ ಎರಡೂವರೆ ಸಾವಿರದ ನಾಲ್ಕು ಪ್ಯಾಡಲ್, ಒಂದು ಡಜನ್ ಚೆಂಡು, ಟೇಪು, ನೆಟ್ ಎಲ್ಲವೂ ಬರುತ್ತದೆ. ನಾಲ್ವರು ಆಡುವಾಗ ಎಂಟು ಜನ ಕಾಯುತ್ತಾರೆ. ಹನ್ನೆರಡು ಜನ ಸೇರಿ ಹಂಚಿಕೊಂಡರೆ ತಲೆಗೆ 1250 ರೂಪಾಯಿ. ನಮ್ಮೂರುಗಳಲ್ಲಿ ಗರಡಿಮನೆಗೆ ಮಣ್ಣು, ಎಣ್ಣೆ, ಅರಿಶಿನ ಬಂದದ್ದು ಹೀಗೆಯೇ ವಂತಿಗೆಯಿಂದ. ಯುವಕ ಸಂಘದ ವಾಲಿಬಾಲ್ ನೆಟ್ ಬಂದದ್ದೂ ಹೀಗೆಯೇ. ಹೊಸ ಆಟಕ್ಕೆ ಹಳೆಯ ದಾರಿ ಸಾಲದು ಎಂದೇನಿಲ್ಲ.

ಕೆಲಸ ಹುಡುಕುತ್ತಿರುವವರಿಗೆ ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ‘ಪಿಕಲ್‌ಬಾಲ್ ಆಡಿ, ಕ್ರೀಡಾ ಕೋಟಾದಲ್ಲಿ ಕೆಲಸ ಹಿಡಿಯಿರಿ’ ಎಂಬ ಆಸೆ ತೋರಿಸುವವರು ಬರುತ್ತಾರೆ. ಆಟ ಬೆಳೆಯುತ್ತಿರುವುದು ನಿಜ. 2025ರ ಆರಂಭದಲ್ಲಿ ಮುಂಬೈನಲ್ಲಿ ನಡೆದ ಮೊದಲ ವರ್ಲ್ಡ್ ಪಿಕಲ್‌ಬಾಲ್ ಲೀಗ್ ಅನ್ನು ಬೆಂಗಳೂರು ಜವಾನ್ಸ್ ತಂಡ ಗೆದ್ದಿತು. ಅದೇ ಏಪ್ರಿಲ್‌ನಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಇಂಡಿಯನ್ ಪಿಕಲ್‌ಬಾಲ್ ಅಸೋಸಿಯೇಷನ್‌ಗೆ ರಾಷ್ಟ್ರೀಯ ಕ್ರೀಡಾ ಒಕ್ಕೂಟದ ಮಾನ್ಯತೆ ನೀಡಿತು. ಆದರೆ ಒಕ್ಕೂಟಕ್ಕೆ ಮಾನ್ಯತೆ ಸಿಗುವುದು ಬೇರೆ, ನೇಮಕಾತಿಯ ಪಟ್ಟಿಗೆ ಆಟ ಸೇರುವುದು ಬೇರೆ. ಕೇಂದ್ರ ಸರ್ಕಾರ 2020ರಲ್ಲಿ ಕ್ರೀಡಾ ಕೋಟಾದ ಆಟಗಳನ್ನು 43ರಿಂದ 63ಕ್ಕೆ ಏರಿಸಿದಾಗ ಹಗ್ಗಜಗ್ಗಾಟ, ಮಲ್ಲಕಂಬ ಒಳಗೆ ಬಂದವು, ಪಿಕಲ್‌ಬಾಲ್ ಬರಲಿಲ್ಲ. ನಾವು ಶಾಲೆಯಲ್ಲಿ ಆಡಿದ ಬಾಲ್ ಬ್ಯಾಡ್ಮಿಂಟನ್, ಟೆನಿಕಾಯ್ಟ್, ಕೊಕ್ಕೊ, ಕಬಡ್ಡಿ ಅದಕ್ಕೂ ಮೊದಲೇ ಪಟ್ಟಿಯಲ್ಲಿದ್ದವು. ಪಟ್ಟಿ ಮುಂದೆ ಬದಲಾಗಬಹುದು. ಆದರೆ ಪ್ರತಿ ಅಧಿಸೂಚನೆ ಬಂದಾಗಲೂ ಅದನ್ನು ಸ್ವತಃ ಓದಿ ನೋಡಿ. ಪಟ್ಟಿಯಲ್ಲಿರುವ ಆಟಕ್ಕೂ ರಾಜ್ಯ, ದೇಶ ಅಥವಾ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದ ದಾಖಲೆ ಬೇಕು. ಪ್ರವೇಶ ಶುಲ್ಕ ಕಟ್ಟಿಸಿಕೊಂಡು ಹಂಚುವ ಖಾಸಗಿ ಟೂರ್ನಿಯ ಪ್ರಮಾಣಪತ್ರ ಅದಕ್ಕೆ ಸಮವಲ್ಲ. ಪೊಲೀಸ್ ಕೆಲಸಕ್ಕೆ ಹೊರಟವರಂತೂ ಓಟ, ಜಿಗಿತ, ಗುಂಡು ಎಸೆತದ ಅಭ್ಯಾಸ ಬಿಟ್ಟು ಪ್ಯಾಡಲ್ ಹಿಡಿಯಬಾರದು. ಅವು ಮುಗಿದ ಮೇಲೆ ಹಿಡಿಯಬಹುದು.

ಕೆಲಸ ಸಿಗದ ಆಟವನ್ನು ಆಡುವುದಾದರೂ ಏಕೆ? ಈ ಪ್ರಶ್ನೆ ನಮ್ಮ ಮನೆಗಳಲ್ಲಿ ದಿನವೂ ಕೇಳಿಬರುತ್ತದೆ. ‘ಕೆಲಸ ಇಲ್ಲ, ಕಾರ್ಯ ಇಲ್ಲ, ಆಡೋಕೆ ಹೊರಟ’ ಎಂಬ ಮಾತು ಎಷ್ಟು ಚುಚ್ಚುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ಮೂರು ವರ್ಷ ಒಂದೇ ಪರೀಕ್ಷೆಗೆ ಓದಿ, ಅಧಿಸೂಚನೆ ಮುಂದೂಡಿಕೆಯಾಗುವುದನ್ನೇ ನೋಡುತ್ತ ಕೋಣೆಯೊಳಗೆ ಉಳಿದವರು ಮೊದಲು ಗೆಳೆಯರ ಫೋನ್ ಎತ್ತುವುದನ್ನು ಬಿಡುತ್ತಾರೆ. ಆಮೇಲೆ ಮದುವೆ ಮುಂಜಿಗೆ ಹೋಗುವುದನ್ನು ಬಿಡುತ್ತಾರೆ. ‘ಈಗ ಏನು ಮಾಡ್ಕೊಂಡಿದೀಯಪ್ಪ?’ ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಊರಿನಲ್ಲಿದ್ದೂ ಊರಿನಿಂದ ಮರೆಯಾಗುತ್ತಾರೆ. ದಿನಕ್ಕೊಂದು ಗಂಟೆ, ಯಾರೂ ಆ ಪ್ರಶ್ನೆ ಕೇಳದ ಜಾಗವೊಂದು ಅವರಿಗೆ ಬೇಕು. ಅಂಕಣದಲ್ಲಿ ಕೇಳುವ ಪ್ರಶ್ನೆ ಒಂದೇ: ಸ್ಕೋರ್ ಎಷ್ಟು?

ಹುಡುಗಿಯರ ವಿಷಯದಲ್ಲಿ ಇದು ಇನ್ನೂ ಮುಖ್ಯ. ನಮ್ಮ ಮೈದಾನಗಳು ಸಂಜೆಯಾದರೆ ಕ್ರಿಕೆಟ್ ಆಡುವ ಹುಡುಗರ ಪಾಲು. ಪದವಿ ಮುಗಿದ ದಿನವೇ ಹೆಚ್ಚಿನ ಹುಡುಗಿಯರ ಆಟವೂ ಮುಗಿಯುತ್ತದೆ. ಪಿಕಲ್‌ಬಾಲ್‌ಗೆ ಸಣ್ಣ ಜಾಗ ಸಾಕು, ತೋಳ್ಬಲಕ್ಕಿಂತ ಜಾಣ್ಮೆಗೆ ಬೆಲೆ ಹೆಚ್ಚು. ಅಪ್ಪ ಮತ್ತು ಮಗಳು, ಉಪನ್ಯಾಸಕರು ಮತ್ತು ವಿದ್ಯಾರ್ಥಿನಿ ಒಂದೇ ಅಂಕಣದಲ್ಲಿ ಸಮಸಮನಾಗಿ ಆಡಬಹುದು. ಕಾಲೇಜಿನ ಆವರಣದಲ್ಲೇ, ಬೆಳಕಿರುವ ಹೊತ್ತಿನಲ್ಲೇ ಅಂಕಣ ಇದ್ದರೆ ‘ಕಳಿಸೋದು ಹೇಗೆ’ ಎಂಬ ಮನೆಯವರ ಚಿಂತೆಯೂ ಕಡಿಮೆಯಾಗುತ್ತದೆ. ಹನ್ನೆರಡು ಜನರ ವಂತಿಗೆಯ ತಂಡ ಕಟ್ಟುವಾಗ ಅದರಲ್ಲಿ ಆರು ಹುಡುಗಿಯರಿರಲಿ ಎಂದು ಮೊದಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು.

ಆದ್ದರಿಂದ ಕೇಳಬೇಕಾದದ್ದನ್ನು ಕೇಳಬೇಕಾದವರ ಬಳಿ ಕೇಳೋಣ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಬಳಿ ಹೋಗಿ ಬ್ಯಾಡ್ಮಿಂಟನ್ ಅಂಕಣದಲ್ಲಿ ಎರಡು ಗೆರೆ ಎಳೆಯಲು ಅನುಮತಿ ಕೇಳಿ. ಹಳೆಯ ವಿದ್ಯಾರ್ಥಿಗಳಿಗೂ ವಾರದಲ್ಲಿ ಮೂರು ಸಂಜೆ ಗೇಟು ತೆರೆದಿಡಲು ಕೇಳಿ. ಪಟ್ಟಣ ಪಂಚಾಯಿತಿ, ಪುರಸಭೆಯ ಸದಸ್ಯರು ಮತ ಕೇಳಲು ಬಂದಾಗ ದೊಡ್ಡ ಕ್ರೀಡಾಂಗಣದ ಭರವಸೆಯ ಬದಲು 60 ಅಡಿ ಉದ್ದ, 30 ಅಡಿ ಅಗಲದ ಒಂದು ಕಾಂಕ್ರೀಟ್ ನೆಲ ಮತ್ತು ಎರಡು ದೀಪ ಕೇಳಿ. ದಸರಾ ಕ್ರೀಡಾಕೂಟದ ಹೊತ್ತಿಗೆ ತಾಲ್ಲೂಕಿಗೊಂದು ತಂಡ ಸಿದ್ಧವಿದ್ದರೆ ಪ್ರದರ್ಶನ ಪಂದ್ಯಕ್ಕಾದರೂ ಅವಕಾಶ ಕೇಳಬಹುದು. ಚನ್ನಗಿರಿಯವರು ಹೊನ್ನಾಳಿಗೆ, ನ್ಯಾಮತಿಯವರು ಜಗಳೂರಿಗೆ ಬಸ್ಸು ಹತ್ತಿ ಹೋಗಿ ಆಡಿ ಬರಬಹುದು. ಸೋತವರು ಮಂಡಕ್ಕಿ, ಮಿರ್ಚಿ ಕೊಡಿಸಿದರೆ ಅದೇ ದೊಡ್ಡ ಲೀಗ್.

ಕಾರ್ಬನ್ ಪ್ಯಾಡಲ್ ಬೇಡವೆಂದಲ್ಲ. ಸಂಬಳ ಬಂದ ಮೊದಲ ತಿಂಗಳು ಬೇಕಾದರೆ ನೀವೇ ಕೊಂಡುಕೊಳ್ಳಿ, ಆಗ ಅದರ ತೂಕ, ದಪ್ಪ, ಹಿಡಿ ಎಲ್ಲವೂ ನಿಮ್ಮ ಕೈಗೆ ಗೊತ್ತಿರುತ್ತದೆ. ಅಲ್ಲಿಯವರೆಗೆ ಹನ್ನೊಂದು ಗೆಳೆಯರಿಗೆ ಫೋನ್ ಮಾಡಿ, ಒಂದು ರೋಲ್ ಬಣ್ಣದ ಟೇಪು ತನ್ನಿ.